ಮರ ಕುಯ್ಯೋ ಮಿಷನ್ನಿನ ಮುಂದಿನ ಮುಳ್ಳು: ಒಂದು ಸಾಕಾ, ಎರಡು ಬೇಕಾ?

ತೆಂಗಿನತೋಟ ಪಾಂಡವಪುರ
ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮದು ವಿ.ಸಿ. ನಾಲೆ ಬಯಲಲ್ಲಿ ಎರಡು ಎಕರೆ ತೆಂಗು. ತಾತ ಹಾಕಿದ್ದ ಮರಗಳಲ್ಲಿ ಹದಿನಾಲ್ಕು ಮರ ಈಗ ಫಸಲು ಕೊಡ್ತಿಲ್ಲ. ಅದರಲ್ಲಿ ಐದಕ್ಕೆ ಕೆಂಪುಮೂತಿ ಹುಳ ಬಿದ್ದು ಸುಳಿಯೇ ಒಣಗಿಹೋಗಿದೆ. ಕೂಲಿಯವರು ಒಂದೊಂದು ಮರಕ್ಕೂ ಒಂದೊಂದು ರೇಟು ಹೇಳ್ತಾರೆ, ಅದಕ್ಕೇ ಹೋದ ತಿಂಗಳು ನಾನೇ ಒಂದು 58 ಸಿಸಿ ಮಿಷನ್ (ಚೈನ್‌ಸಾ) ತಗೊಂಡೆ. 22 ಇಂಚಿನ ಬಾರ್ ಇದೆ, ಅಂದ್ರೆ ಹಲ್ಲಿನ ಚೈನ್ ಸುತ್ತ ಓಡೋ ಉದ್ದ ಪಟ್ಟಿ.

ಈಗ ತೊಂದರೆ ಏನಂದ್ರೆ, ಬಿದ್ದ ಮರನ ತುಂಡು ಮಾಡೋಕೆ ಹೋದ್ರೆ ಮಿಷನ್ ಮುಂದಕ್ಕೆ ಜಗ್ಗಿಕೊಂಡು ಹೋಗಿ ಮರಕ್ಕೆ ಢಿಕ್ಕಿ ಹೊಡೆಯುತ್ತೆ. ಕುಣಿಯುತ್ತೆ ಕೂಡ. ಎರಡು ತುಂಡು ಮಾಡೋ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತೆ. ಬಾರ್ ಹೊರಗೆ ಬರೋ ಜಾಗದಲ್ಲಿ ತಗಡಿನಂಥ ಚಿಕ್ಕ ಮುಳ್ಳಿನ ಪಟ್ಟಿ ಒಂದೇ ಒಂದು ಇದೆ. ಅದು ತೆಂಗಿನ ಮರದ ಮೇಲೆ ಜಾರುತ್ತೆ, ಕಚ್ಚಲ್ಲ.

ಅಂಗಡಿಯವರನ್ನ ಕೇಳಿದ್ರೆ ‘ದೊಡ್ಡ ಜೋಡಿ ಸ್ಪೈಕ್ ಹಾಕಿಸಿ, ಬಾಳೆದಿಂಡು ಕುಯ್ದಂಗೆ ಕುಯ್ಯುತ್ತೆ’ ಅಂದ್ರು. ಹಾಕಿಸೋಕೆ ಮೊದಲು ನನಗೆ ಗೊತ್ತಾಗಬೇಕಿರೋದು ಇಷ್ಟು: ಈ ಮುಳ್ಳು ಇರೋದು ಯಾತಕ್ಕೆ? ಒಂದಿದ್ರೆ ಸಾಲದಾ? ಬಲ್ಲವರು ಬಿಡಿಸಿ ಹೇಳಿ.

ಮಳವಳ್ಳಿ ಹೈದ
ಭಾನುವಾರ, ರಾತ್ರಿ 9:31

ಅಣ್ಣ, ಯೋಚ್ನೆ ಮಾಡ್ಬೇಡಿ, ಎರಡು ಹಾಕ್ಸಿ. ನಾನು ಹಾಕ್ಸಿ ಆರು ತಿಂಗ್ಳಾಯ್ತು. ಮುಳ್ಳು ನೆಟ್ಟು ಹಿಂದಿನ ಹಿಡಿ ಎತ್ತಿ ಮೀಟಿದ್ರೆ ಎಂಥಾ ಮರ ಆದ್ರೂ ಇಳಿಯುತ್ತೆ.

ಮಿಷನ್ ಮೆಕ್ಯಾನಿಕ್ ಮಂಡ್ಯ
ಭಾನುವಾರ, ರಾತ್ರಿ 10:05

ಪಾಂಡವಪುರದವರೇ, ಮುಳ್ಳಿನ ವಿಷಯಕ್ಕೆ ಬರೋ ಮುಂಚೆ ಒಂದು ಮಾತು ಹೇಳಿ. ಕುಯ್ಯುವಾಗ ಕೆಳಗೆ ಬೀಳೋದು ಏನು? ಅವಲಕ್ಕಿ ಥರ ಚಕ್ಕೆನಾ, ರಾಗಿಹಿಟ್ಟಿನ ಥರ ಪುಡಿನಾ? ಪುಡಿ ಬೀಳ್ತಿದೆ ಅಂದ್ರೆ ಚೈನ್ ಮೊಂಡಾಗಿದೆ. ಆ ಚೈನ್ ಇಟ್ಕೊಂಡು ನಾಲ್ಕು ಮುಳ್ಳು ಹಾಕಿಸಿದರೂ ಪ್ರಯೋಜನ ಇಲ್ಲ.

ಈಗ ಮುಳ್ಳು ಯಾತಕ್ಕೆ ಅನ್ನೋದು. ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಸುಲಿಯೋ ಹಾರೆ ಇರುತ್ತಲ್ಲ, ಅದನ್ನ ನೆನಪು ಮಾಡ್ಕೊಳಿ. ಬರೀ ಕೈಯಲ್ಲಿ ಮಟ್ಟೆ ಬಿಡಿಸೋಕೆ ಆಗಲ್ಲ. ಹಾರೆ ಮೊನೆಗೆ ಕಾಯಿ ಚುಚ್ಚಿ, ಅದನ್ನೇ ಆಸರೆ ಮಾಡ್ಕೊಂಡು ತಿರುಚಿದ್ರೆ ಮಟ್ಟೆ ಸೀಳಿಕೊಂಡು ಬರುತ್ತೆ. ಇಲ್ಲೂ ಅಷ್ಟೇ. ಮುಳ್ಳು ಮರಕ್ಕೆ ಊರಿ ನಿಂತ್ರೆ ಮಿಷನ್ನಿಗೆ ಒಂದು ಗೂಟ ಸಿಕ್ಕಂಗೆ. ಆ ಗೂಟದ ಮೇಲೆ ಮಿಷನ್ ತಿರುಗುತ್ತೆ. ಹಿಂದಿನ ಹಿಡಿ ಸ್ವಲ್ಪ ಎತ್ತಿದ್ರೆ ಬಾರಿನ ಮೂತಿ ಕೆಳಗಿಳಿಯುತ್ತೆ.

ನಿಮ್ಮ ಮಿಷನ್ ಮುಂದಕ್ಕೆ ಜಗ್ಗೋದಕ್ಕೂ ಕಾರಣ ಇದೆ. ಬಾರಿನ ಕೆಳಭಾಗದಲ್ಲಿ ಚೈನ್ ಮೂತಿಯಿಂದ ಇಂಜಿನ್ ಕಡೆಗೆ ಓಡುತ್ತೆ. ಹಲ್ಲು ಮರಕ್ಕೆ ಸಿಕ್ಕ ಕೂಡಲೇ ಚೈನ್ ಮರನ ತನ್ನ ಕಡೆ ಎಳೀಬೇಕು. ಮರ ಅಲ್ಲಾಡಲ್ಲ, ಅದಕ್ಕೇ ಮಿಷನ್ನೇ ಮರದ ಕಡೆ ಹೋಗುತ್ತೆ. ಮೊದಲೇ ಮುಳ್ಳು ತಾಗಿಸಿಟ್ಟಿದ್ರೆ ಆ ಎಳೆತ ಮುಳ್ಳಿನ ಮೇಲೆ ಬೀಳುತ್ತೆ. ಇಲ್ಲಾಂದ್ರೆ ನಿಮ್ಮ ರಟ್ಟೆ ಮೇಲೆ. ಎಷ್ಟೋ ಜನ ಚೈನ್ ಓಡಿಸ್ಕೊಂಡು, ಮಿಷನ್ನಿನ ಮೈನ ಮರದಿಂದ ಅರ್ಧ ಅಡಿ ದೂರ ಇಟ್ಟು ಕುಯ್ಯೋಕೆ ಶುರು ಮಾಡ್ತಾರೆ. ಆಗಲೇ ಆ ಢಿಕ್ಕಿ. ಮುಳ್ಳನ್ನ ಮರಕ್ಕೆ ಒತ್ತಿ ಹಿಡಿದು, ಆಮೇಲೆ ಆಕ್ಸಿಲೇಟರ್ ಒತ್ತಿ, ಆಮೇಲೆ ಬಾರ್ ಇಳಿಸಿ. ಇದು ರೂಢಿ ಆದ್ರೆ ನಿಮ್ಮ ಅರ್ಧ ತೊಂದರೆ ಇಲ್ಲೇ ಮುಗೀತು.

ಬಾರಿನ ಮೇಲ್ಭಾಗದಿಂದ, ಅಂದ್ರೆ ದಿಮ್ಮಿಯ ತಳದಿಂದ ಮೇಲಕ್ಕೆ ಕುಯ್ಯುವಾಗ ಇದು ಉಲ್ಟಾ. ಚೈನ್ ಮಿಷನ್ನನ್ನ ನಿಮ್ಮ ಎದೆ ಕಡೆಗೆ ನೂಕುತ್ತೆ. ಅಲ್ಲಿ ಯಾವ ಮುಳ್ಳೂ ಉಪಯೋಗಕ್ಕೆ ಬರಲ್ಲ. ತೊಡೆ, ಮೊಣಕೈ ಆಸರೆ ಕೊಟ್ಟು ನಿಧಾನಕ್ಕೆ ಕುಯ್ಯಬೇಕು.

ತೆಂಗಿನತೋಟ ಪಾಂಡವಪುರ
ಭಾನುವಾರ, ರಾತ್ರಿ 10:20

ಅಣ್ಣ, ನೀವು ಹೇಳಿದ್ದು ನಿಜ. ಪುಡಿನೇ ಬೀಳ್ತಿರೋದು. ಹಾರೆಯ ಉದಾಹರಣೆಯಿಂದ ವಿಷಯ ತಲೆಗೆ ಹೋಯ್ತು. ಮೂರು ಮರ ಕುಯ್ದ ಮೇಲೆ ಚೈನಿಗೆ ಒಂದ್ಸಲ ಅರ ಹಾಕಿದ್ದೆ. ಇಷ್ಟು ಬೇಗ ಮೊಂಡಾಗುತ್ತಾ?

ಮಿಷನ್ ಮೆಕ್ಯಾನಿಕ್ ಮಂಡ್ಯ
ಭಾನುವಾರ, ರಾತ್ರಿ 10:34

ತೆಂಗಿನಲ್ಲಿ ಆಗುತ್ತೆ. ಬೇರೆ ಮರ ಒಳಗೆ ಚೇಗು ಗಟ್ಟಿ, ಹೊರಗೆ ಮೆತ್ತಗೆ. ತೆಂಗು ಇದಕ್ಕೆ ತಿರುಗುಮುರುಗು: ಹೊರಸುತ್ತು ಕಬ್ಬಿಣ, ಒಳಗೆ ತಿರುಳು. ಜೊತೆಗೆ ಬುಡದಲ್ಲಿ ಮಣ್ಣು ಮರಳು ಹತ್ತಿರುತ್ತೆ. ಇಲಿ ಹತ್ತದಂಗೆ ತಗಡು ಹೊಡೆದಿದ್ರೆ ಅದರ ಮೊಳೆನೂ ಇರುತ್ತೆ, ನೋಡ್ಕೊಳಿ. ನಾನಾದ್ರೆ ಮರಕ್ಕೊಂದು ಸಲ ಅರ ಹಾಕ್ತೀನಿ. ನಿಮ್ಮ ಚೈನ್ .325 ಪಿಚ್ (ಕೊಂಡಿಗಳ ಅಂತರದ ಅಳತೆ) ಇದ್ರೆ 4.8 ಮಿಲಿಮೀಟರಿನ ದುಂಡು ಅರ, 30 ಡಿಗ್ರಿ ಕೋನ. ಎಡಗಡೆ ಹಲ್ಲಿಗೂ ಬಲಗಡೆ ಹಲ್ಲಿಗೂ ಎಣಿಸಿ ಸಮ ಎಳೀರಿ. ಹಲ್ಲಿನ ಮುಂದೆ ಚಿಕ್ಕ ಗುಬ್ಬಿ ಇರುತ್ತಲ್ಲ, ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಬೇಗ ಕುಯ್ಯುತ್ತೆ ಅಂತ ಅದನ್ನ ಜಾಸ್ತಿ ತೇಯಬೇಡಿ. ಮಿಷನ್ ಕಚ್ಚಿ ಕಚ್ಚಿ ಎಳೆಯುತ್ತೆ, ಮೂತಿ ಒದೆಯೋದೂ ಜಾಸ್ತಿ ಆಗುತ್ತೆ.

ಸನ್ನೆಕೋಲು
ಭಾನುವಾರ, ರಾತ್ರಿ 11:02

ಮೈಸೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕ್ಸ್ ಪಾಠ ಮಾಡುತ್ತೇನೆ. ನಮ್ಮೂರು ಕೆ.ಆರ್. ಪೇಟೆ ಕಡೆ, ಮಿಷನ್ ನಾನೂ ಹಿಡಿದಿದ್ದೇನೆ. ಮೆಕ್ಯಾನಿಕ್ ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಒಂದು ಸಾಕೋ ಎರಡು ಬೇಕೋ ಅನ್ನುವುದು ಈ ಲೆಕ್ಕದಲ್ಲೇ ಸಿಗುತ್ತದೆ.

ಮುಳ್ಳಿನಿಂದ ಹಿಂದಿನ ಹಿಡಿಗೆ 40 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ನೀವು ಹಿಡಿಯನ್ನು 5 ಕೆಜಿ ತೂಕದಷ್ಟು ಬಲದಲ್ಲಿ ಮೇಲಕ್ಕೆ ಎತ್ತುತ್ತೀರಿ. ಮುಳ್ಳಿನಿಂದ 20 ಸೆಂಟಿಮೀಟರ್ ಮುಂದೆ ಚೈನ್ ಮರವನ್ನು ಒತ್ತುತ್ತಿದ್ದರೆ ಅಲ್ಲಿ ಬೀಳುವುದು 10 ಕೆಜಿ. ಇಮ್ಮಡಿ. 40 ಸೆಂಟಿಮೀಟರ್ ದೂರದಲ್ಲಿ ಒತ್ತುತ್ತಿದ್ದರೆ ಬರೀ 5 ಕೆಜಿ. ಅಂದರೆ ಬಾರ್ ಉದ್ದವಾದಷ್ಟೂ ಮೂತಿಯ ಕಡೆ ನಿಮ್ಮ ಮೀಟಿಗೆ ಬಲ ಕಡಿಮೆ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ನೀವು 5 ಕೆಜಿ ಮೇಲಕ್ಕೆ ಎತ್ತುತ್ತೀರಿ, ಮರ ಬಾರನ್ನು 10 ಕೆಜಿ ಮೇಲಕ್ಕೆ ತಳ್ಳುತ್ತದೆ. ಎರಡೂ ಸೇರಿ 15 ಕೆಜಿಯನ್ನು ಕೆಳಕ್ಕೆ ಹಿಡಿದಿಡಬೇಕಾದದ್ದು ಮುಳ್ಳು. ಮಿಷನ್ನಿನ ಸ್ವಂತ ತೂಕ ಸ್ವಲ್ಪ ಸಹಾಯ ಮಾಡುತ್ತದೆ, ಉಳಿದದ್ದೆಲ್ಲ ಆ ಮೊನೆಗಳ ಮೇಲೆ. ಮುಳ್ಳು ಮರದೊಳಗೆ ನೇರ ಒತ್ತುತ್ತಿದೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಅದು ಮರದ ಮೈಮೇಲೆ ಮೇಲಕ್ಕೆ ಜಾರಲು ನೋಡುತ್ತಿರುತ್ತದೆ. ನಿಮ್ಮ ತಗಡಿನ ಮುಳ್ಳು ತೆಂಗಿನ ಮೇಲೆ ಜಾರುವುದು ಇದಕ್ಕೇ. ಹೊರಸುತ್ತು ಗಟ್ಟಿ, ಮೊನೆ ಮೊಂಡು, ಹಿಡಿತ ಇಲ್ಲ. ಇಲ್ಲಿ ಬೇಕಾದದ್ದು ಚೂಪು. ಮುಳ್ಳಿನ ಗಾತ್ರ ದೊಡ್ಡದಾದ ಮಾತ್ರಕ್ಕೆ ಜಾರುವುದು ನಿಲ್ಲುವುದಿಲ್ಲ.

ಎರಡು ಮುಳ್ಳು ಯಾವಾಗ ಬೇಕು? ಒಂಟಿ ಮುಳ್ಳು ಇರುವುದು ಬಾರಿನ ಒಂದು ಪಕ್ಕದಲ್ಲಿ, ಇಂಜಿನ್ ಮಗ್ಗುಲಿಗೆ. ಕುಯ್ಯುವ ಬಲ ಬೀಳುವುದು ಚೈನಿನ ಗೆರೆಯ ಮೇಲೆ. ಆಸರೆ ಒಂದು ಕಡೆ, ಬಲ ಇನ್ನೊಂದು ಕಡೆ ಆದಾಗ ಮಿಷನ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಒಂದಡಿ ದಿಮ್ಮಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಎರಡೂವರೆ ಅಡಿ ದಿಮ್ಮಿಯಲ್ಲಿ ಉದ್ದದ ಬಾರ್ ಇಟ್ಟಾಗ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಕ್ಲಚ್ ಕವರ್ ಕಡೆಗೂ, ಅಂದರೆ ಬಾರಿನ ಇನ್ನೊಂದು ಪಕ್ಕಕ್ಕೂ ಒಂದು ಮುಳ್ಳಿದ್ದರೆ ಚೈನು ಎರಡರ ನಡುವೆ ಬರುತ್ತದೆ, ತಿರುಚುವುದು ನಿಲ್ಲುತ್ತದೆ.

ಕೊರಡು ಮೈಸೂರು
ಸೋಮವಾರ, ಬೆಳಿಗ್ಗೆ 6:48

ಮೇಷ್ಟ್ರು ಸರಿಯಾಗಿ ಹೇಳಿದ್ರು. ನಾನು ದಿನಾ ಕೈಯಲ್ಲಿ ಕಂಡಿರೋದನ್ನ ಬರೀತೀನಿ.

ನನ್ನ ಕೆಲಸ ಹುಣಸೆ ದಿಮ್ಮಿ ಕುಯ್ಯೋದು. ಮಟನ್ ಅಂಗಡಿಯವರು ಮಾಂಸ ಕೊಚ್ಚೋಕೆ ಇಟ್ಕೊಳ್ಳೋ ಕೊರಡು ಹುಣಸೆದು. ಮಚ್ಚಿನ ಏಟಿಗೆ ಸಿಪ್ಪೆ ಏಳಲ್ಲ, ಅದಕ್ಕೆ. ಎರಡು ಅಡಿ, ಎರಡೂವರೆ ಅಡಿ ಅಗಲದ ದಿಮ್ಮಿನ ಮುಕ್ಕಾಲು ಅಡಿ ದಪ್ಪಕ್ಕೆ ಬಿಲ್ಲೆ ಬಿಲ್ಲೆಯಾಗಿ ಕುಯ್ದು ಕೊಡಬೇಕು. ಎರಡು ಮುಖನೂ ಮಟ್ಟ ಇರಬೇಕು. ಒಂದು ಕಡೆ ಏರು ಒಂದು ಕಡೆ ತಗ್ಗು ಆದ್ರೆ ಕೊರಡು ಅಲ್ಲಾಡುತ್ತೆ, ಅಂಗಡಿಯವರು ವಾಪಸ್ ಕಳಿಸ್ತಾರೆ.

ನಾನು ಇಟ್ಟಿರೋದು 72 ಸಿಸಿ ಮಿಷನ್, 25 ಇಂಚು ಬಾರ್, ಜೋಡಿ ಮುಳ್ಳು. ಹುಣಸೆಗೆ ಜೋಡಿ ಮುಳ್ಳು ಇಲ್ದೆ ನಾನು ಕೆಲಸ ಮಾಡಲ್ಲ. ಕುಯ್ಯೋ ಕ್ರಮ ಹೀಗೆ: ಮುಳ್ಳನ್ನ ದಿಮ್ಮಿಯ ಈಚೆ ಬದಿಗೆ ಮೇಲ್ಗಡೆ ಊರ್ತೀನಿ. ಹಿಡಿ ಎತ್ತಿ ಮೂತಿನ ಆಚೆ ಬದಿಗೆ ನಾಲ್ಕು ಬೆರಳು ಇಳಿಸ್ತೀನಿ. ಆಮೇಲೆ ಹಿಡಿ ಕೆಳಗೆ ಬಿಟ್ಟು, ಮುಳ್ಳು ಕಿತ್ತು, ಎರಡು ಬೆರಳು ಕೆಳಗೆ ಮತ್ತೆ ಊರ್ತೀನಿ. ಮತ್ತೆ ಮೂತಿ ಇಳಿಸ್ತೀನಿ. ಹೀಗೆ ಮೆಟ್ಟಿಲು ಇಳಿದಂಗೆ ಇಳೀಬೇಕು. ಚೈನ್ ಪೂರ್ತಿ ಉದ್ದಕ್ಕೂ ಒಟ್ಟಿಗೆ ಮರ ಕಚ್ಚಿದ್ರೆ ಇಂಜಿನ್ ಉಸಿರು ಕಟ್ಟುತ್ತೆ. ಸ್ವಲ್ಪ ಸ್ವಲ್ಪ ಕಚ್ಚಿದ್ರೆ ಲೀಲಾಜಾಲ. ಈ ಮೆಟ್ಟಿಲು ಕ್ರಮಕ್ಕೇ ಮುಳ್ಳು ಇರೋದು.

ಕುಯ್ತ ಸೊಟ್ಟ ಹೋಗೋದಕ್ಕೂ ಮುಳ್ಳಿಗೂ ಬಹಳ ಸಂಬಂಧ ಇಲ್ಲ. ಅದು ಎಡಹಲ್ಲು ಬಲಹಲ್ಲು ಸಮ ಇಲ್ಲದೆ, ಇಲ್ಲಾ ಬಾರಿನ ಅಂಚು ಒಂದು ಕಡೆ ಸವೆದು ಆಗೋದು. ಕುಯ್ತ ಸೊಟ್ಟ ಹೋಯ್ತು ಅಂತ ಮುಳ್ಳು ಬದಲಾಯಿಸಿ ದುಡ್ಡು ಹಾಕಿದವರನ್ನ ನೋಡಿದೀನಿ.

ಮುಳ್ಳಿನ ಉದ್ದದ ವಿಚಾರ. ಮಳೆಮರದಂಥ ದಪ್ಪ ಬಿರುಕು ತೊಗಟೆಗೆ ಉದ್ದ ಮುಳ್ಳು ಬೇಕು. ಚಿಕ್ಕದಾದ್ರೆ ತೊಗಟೆಗೇ ಮುಗಿದುಹೋಗುತ್ತೆ, ತೊಗಟೆ ಕಿತ್ತು ಬಂದ್ರೆ ಆಸರೆನೂ ಹೋಯ್ತು. ತೊಗಟೆ ತೆಗೆದ ಹುಣಸೆ, ಒಣಗಿದ ಜಾಲಿ ಇವಕ್ಕೆ ಗಿಡ್ಡ ಗಟ್ಟಿ ಮುಳ್ಳೇ ಚೆಂದ. ಉದ್ದ ಮುಳ್ಳು ಅಲ್ಲಿ ತುದಿ ಮಾತ್ರ ತಾಗಿ ಬಗ್ಗುತ್ತೆ. ಮುಳ್ಳು ಉದ್ದ ಆದಷ್ಟೂ ಮಿಷನ್ ಮರದಿಂದ ದೂರ ನಿಲ್ಲುತ್ತೆ, ಅಷ್ಟು ಬಾರ್ ನಿಮಗೆ ನಷ್ಟ ಅನ್ನೋದೂ ನೆನಪಿರಲಿ.

ಮರ ಹತ್ತೋನು
ಸೋಮವಾರ, ಮಧ್ಯಾಹ್ನ 1:15

ಎಲ್ಲರೂ ಹಾಕ್ಸಿ ಹಾಕ್ಸಿ ಅಂತಿದೀರ, ನಾನು ಬಿಚ್ಚಿಟ್ಟವನು. ಮೈಸೂರಲ್ಲಿ ಮನೆ ಮೇಲೆ ವಾಲಿದ ಕೊಂಬೆ, ತೆಂಗು ಇಳಿಸೋದು ನನ್ನ ಕೆಲಸ. ಹಗ್ಗದಲ್ಲಿ ನೇತಾಡ್ಕೊಂಡು ಚಿಕ್ಕ ಮಿಷನ್ ಹಿಡಿದಾಗ ಆ ಮುಳ್ಳು ಹಗ್ಗಕ್ಕೆ ಸಿಗುತ್ತೆ, ಅಂಗಿಗೆ ಸಿಗುತ್ತೆ, ರೆಂಬೆಗೆ ಸಿಗುತ್ತೆ. ಕೊಂಬೆ ಸವರುವಾಗ ಬಾರು ಬುಡದಿಂದ ತುದಿಗೆ ಜಾರಿಕೊಂಡು ಹೋಗಬೇಕು. ಮುಳ್ಳು ಸಿಕ್ಕಿ ನಿಂತ್ರೆ ಕೈ ಆಯ ತಪ್ಪುತ್ತೆ. ಮುಂಗೈ ದಪ್ಪದ ಕೊಂಬೆಗೆ ಯಾವ ಗೂಟನೂ ಬೇಡ, ಮಿಷನ್ನಿನ ಮೈ ತಾಗಿಸಿದ್ರೆ ಸಾಕು.

ಇನ್ನೊಂದು, ಬದುಕಿರೋ ಮರ. ಕೊಂಬೆ ಮಾತ್ರ ತೆಗೆದು ಮರ ಉಳಿಸೋ ಕೆಲಸದಲ್ಲಿ ಮುಳ್ಳು ಊರಿದ್ರೆ ತೊಗಟೆಗೆ ಗಾಯ. ಆ ಗಾಯದಲ್ಲಿ ನೀರು ನಿಂತು ಕೊಳೆ ಶುರುವಾಗುತ್ತೆ. ಮಾವು, ಹೊಂಗೆ, ಬೇವು ಯಾವುದೇ ಆಗಲಿ, ಉಳಿಯೋ ಕಾಂಡಕ್ಕೆ ಮುಳ್ಳು ತಾಗಿಸಬೇಡಿ.

ಮಳವಳ್ಳಿ ಹೈದ
ಸೋಮವಾರ, ಸಂಜೆ 7:40

ಮೇಲೆ ಹತ್ತೋರ ಕಥೆ ಬೇರೆ ಅಣ್ಣ, ಒಪ್ಕೋತೀನಿ. ಆದ್ರೆ ನೆಲದ ಮೇಲೆ ಮೀಟಿ ಕುಯ್ಯೋದ್ರಲ್ಲಿ ತಪ್ಪೇನು? ಚೈನ್ ಸ್ವಲ್ಪ ಮೊಂಡಾದ್ರೂ ಮೀಟಿದ್ರೆ ಇಳಿಯುತ್ತಲ್ಲ. ಕೆಲಸದ ಮಧ್ಯ ಅರ ಹಾಕ್ತಾ ಕೂರೋಕೆ ಆಗಲ್ಲ.

ಮಿಷನ್ ಮೆಕ್ಯಾನಿಕ್ ಮಂಡ್ಯ
ಸೋಮವಾರ, ರಾತ್ರಿ 8:22

ತಮ್ಮ, ನಿನ್ನ ಮಾತಿಗೇ ನಾನು ಕಾಯ್ತಿದ್ದೆ. ನನ್ನ ಹತ್ರ ರಿಪೇರಿಗೆ ಬರೋ ಮಿಷನ್ನುಗಳಲ್ಲಿ ಹೀಗೆ ಹಾಳಾದವು ಬಹಳ.

ಮೊಂಡು ಚೈನ್ ಮರ ಕುಯ್ಯಲ್ಲ, ಉಜ್ಜುತ್ತೆ. ಉಜ್ಜಿದ್ರೆ ಬಿಸಿ. ಮುಳ್ಳು ಕೊಟ್ಟು ಮೀಟಿದಾಗ ಚೈನ್ ಬಾರಿನ ಕೆಳ ಅಂಚಿನ ಮೇಲೆ ಇಮ್ಮಡಿ ಭಾರದಲ್ಲಿ ತೇಯುತ್ತೆ. ಬಾರಿನ ಅಂಚು ನೀಲಿ ತಿರುಗುತ್ತೆ, ಹರಡಿಕೊಳ್ಳುತ್ತೆ, ಚೈನ್ ಕೂರೋ ಸಂದು ಅಗಲ ಆಗಿ ಚೈನ್ ಓಲಾಡುತ್ತೆ. ಆಮೇಲೆ ನೀನು ಎಷ್ಟೇ ಚೂಪು ಮಾಡು, ಕುಯ್ತ ಸೊಟ್ಟನೇ. ಚೈನ್ ಓಟ ನಿಂತು ಇಂಜಿನ್ ಮಾತ್ರ ಕೂಗುವಾಗ ಕ್ಲಚ್ ಜಾರ್ತಿರುತ್ತೆ, ಕ್ಲಚ್ ಶೂ ಸುಟ್ಟುಹೋಗುತ್ತೆ. ಕ್ಲಚ್ ಡ್ರಮ್ ಕಾದು, ಪಕ್ಕದ ಪ್ಲಾಸ್ಟಿಕ್ ಕರಗಿ ಬಂದಿರೋ ಮಿಷನ್ ನಾನು ಬಿಚ್ಚಿದೀನಿ.

ಚೂಪು ಚೈನಿಗೆ ಮಿಷನ್ನಿನ ತೂಕವೇ ಸಾಕು. ಅಲ್ಲಿ ಮುಳ್ಳಿನ ಕೆಲಸ ದಾರಿ ತೋರಿಸೋದು, ಜಗ್ಗೋದನ್ನ ತಡೆಯೋದು. ರಟ್ಟೆ ಹಾಕಿ ಮೀಟಬೇಕು ಅಂತ ಅನ್ನಿಸಿದ ಗಳಿಗೆಯಲ್ಲೇ ಮಿಷನ್ ಆಫ್ ಮಾಡಿ ಅರ ತೆಗೀಬೇಕು. ಟ್ಯಾಂಕ್ ತುಂಬಿಸೋಕೆ ಹೆಂಗೂ ನಿಲ್ಲಿಸ್ತೀಯಲ್ಲ, ಅದೇ ಹೊತ್ತಲ್ಲಿ ಹಲ್ಲಿಗೆ ಮೂರು ಎಳೆತ. ಹತ್ತು ನಿಮಿಷದ ಕೆಲಸ.

ಮಳವಳ್ಳಿ ಹೈದ
ಸೋಮವಾರ, ರಾತ್ರಿ 8:41

ಬಾರಿನ ಅಂಚು ನೀಲಿ ಆಗಿರೋದು ನಿಜ ಅಣ್ಣ. ಈಗ ತಾನೇ ಟಾರ್ಚ್ ಹಾಕಿ ನೋಡ್ಬಂದೆ. ಮೂತಿಯಿಂದ ಅರ್ಧ ಅಡಿ ಹಿಂದಕ್ಕೆ. ನಾಳೆ ಮಿಷನ್ ತತ್ತೀನಿ, ನೋಡಿ.

ನಂಜನಗೂಡು ತೋಟ
ಮಂಗಳವಾರ, ಬೆಳಿಗ್ಗೆ 11:05

ನಮಸ್ಕಾರ. ಮಿಷನ್ ಹಿಡಿಯುವುದು ನಾನಲ್ಲ, ನಮ್ಮ ತೋಟದಲ್ಲಿ ಕೆಲಸ ಮಾಡುವ ಹುಡುಗರು. ಆದರೂ ಈ ಮುಳ್ಳಿನ ಬಗ್ಗೆ ಹೇಳಲೇಬೇಕು. ಹೋದ ವರ್ಷ ಸಿಲ್ವರ್ ಓಕ್ ಸವರುವಾಗ ನಮ್ಮ ಹುಡುಗನೊಬ್ಬ ಮಿಷನ್ ಆಫ್ ಮಾಡಿ ತೊಡೆಯ ಪಕ್ಕ ಹಿಡಿದು ಇಳಿಜಾರಿನಲ್ಲಿ ಬರುತ್ತಿದ್ದ. ಕಾಲು ಜಾರಿತು. ಚೈನ್ ಏನೂ ಮಾಡಲಿಲ್ಲ, ಅದಕ್ಕೆ ಕವರ್ ಇತ್ತು. ಮುಂದಿನ ಮುಳ್ಳು ತೊಡೆಗೆ ಇಳಿದು ಆರು ಹೊಲಿಗೆ ಬಿತ್ತು. ಬಾರಿಗೆ ಕವರ್ ಹಾಕುತ್ತೇವೆ, ಈ ಮುಳ್ಳಿಗೆ ಯಾರೂ ಏನೂ ಹಾಕುವುದಿಲ್ಲ. ಅಂದಿನಿಂದ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮುಳ್ಳಿಗೆ ಸುತ್ತಿಸುತ್ತೇನೆ. ಹೆಗಲ ಮೇಲೆ ಹೊತ್ತುಕೊಂಡು ಹೋಗುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಕುತ್ತಿಗೆಯ ಪಕ್ಕಕ್ಕೇ ಬರುತ್ತದೆ ಅದು.

ನನ್ನ ಪ್ರಶ್ನೆ: ಜೋಡಿ ಮುಳ್ಳು ಹಾಕಿದರೆ ಮಿಷನ್ ಹಿಂದಕ್ಕೆ ಒದೆಯುವುದು ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

ಕೊರಡು ಮೈಸೂರು
ಮಂಗಳವಾರ, ಮಧ್ಯಾಹ್ನ 2:30

ಅಕ್ಕ, ಪೂರ್ತಿ ನಿಜ ಅಲ್ಲ. ಅದನ್ನ ನಂಬ್ಕೊಂಡು ಯಾರೂ ಕೆಲಸ ಮಾಡಬಾರದು. ಒದೆಯೋದು ಬಾರಿನ ಮೂತಿಯ ಮೇಲಿನ ಕಾಲುಭಾಗ ಯಾವುದಕ್ಕಾದ್ರೂ ತಾಗಿದಾಗ. ಆಗ ಬಾರು ಮೇಲಕ್ಕೆ, ಹಿಂದಕ್ಕೆ, ಮುಖದ ಕಡೆಗೆ ಎದ್ದು ಬರುತ್ತೆ. ರೆಪ್ಪೆ ಬಡಿಯೋದ್ರೊಳಗೆ ಮುಗಿದಿರುತ್ತೆ. ಮುಳ್ಳು ಚೆನ್ನಾಗಿ ಊರಿದ್ರೆ ಮಿಷನ್ ಕೈಯಲ್ಲಿ ಭದ್ರ ಇರುತ್ತೆ ಅಷ್ಟೇ. ಒದೆತ ತಡೆಯೋಕೆ ಅಂತ ಇರೋದು ಚೈನ್ ಬ್ರೇಕ್, ಅಂದ್ರೆ ಮುಂದಿನ ಹಿಡಿಯ ಎದುರಿಗಿರೋ ಹಲಗೆ. ಆಮೇಲೆ ಎಡಗೈ ಹೆಬ್ಬೆರಳು ಹಿಡಿಯ ಕೆಳಗೆ ಸುತ್ತಿರಬೇಕು.

ಒಂದು ಕಡೆ ಮುಳ್ಳೇ ಅಪಾಯ ತರುತ್ತೆ. ದಿಮ್ಮಿಗಳು ಒಟ್ಟಿದ ಕಡೆ ಮುಳ್ಳು ಊರಿ ಮೂತಿ ತಿರುಗಿಸ್ತೀವಲ್ಲ, ಆ ಮೂತಿ ಆಚೆ ಕಡೆ ಹೊರಗೆ ಬಂದು ಪಕ್ಕದ ದಿಮ್ಮಿಗೆ ತಾಗಬಹುದು. ಗಮನ ಪೂರ್ತಿ ಈಚೆ ಮುಳ್ಳಿನ ಮೇಲಿರುತ್ತೆ, ಮೂತಿ ಎಲ್ಲಿದೆ ಅಂತ ಮರೆತುಹೋಗುತ್ತೆ. ಕುಯ್ಯೋ ದಿಮ್ಮಿನ ಬೇರೆ ಮಾಡಿ ಇಟ್ಕೊಂಡೇ ಕುಯ್ಯಿಸಿ. ಟ್ಯೂಬ್ ಸುತ್ತೋದು ಒಳ್ಳೇದು, ಇವತ್ತಿಂದ ನಾನೂ ಮಾಡ್ತೀನಿ.

ತೆಂಗಿನತೋಟ ಪಾಂಡವಪುರ
ಬುಧವಾರ, ರಾತ್ರಿ 9:50

ನೀವೆಲ್ಲ ಇಷ್ಟು ಹೇಳಿದ ಮೇಲೂ ಒಂದು ತಪ್ಪು ಮಾಡಿದೆ. ಪೇಟೆಗೆ ಹೋಗಿದ್ದೆ, ಅಂಗಡಿಯವರು ‘ನಿಮ್ಮ ಮಿಷನ್ನಿಗೇ ಬರೋದು’ ಅಂತ ಜೋಡಿ ಮುಳ್ಳು ಕೊಟ್ರು, ಅಲ್ಲೇ ಅವರ ಹುಡುಗ ಕೂರಿಸಿದ. ತೂತು ಕೂರ್ತಿರಲಿಲ್ಲ, ಸ್ಪ್ಯಾನರ್ ಹಾಕಿ ಬಿಗಿದ. ಮನೆಗೆ ಬಂದು ನೋಡಿದ್ರೆ ಒಂದು ಬೋಲ್ಟ್ ಸುಮ್ನೆ ಸುತ್ತುತ್ತೆ, ಒಳಗಿನ ಮರೆ (ಥ್ರೆಡ್) ಹೋಗಿದೆ. ಕ್ಲಚ್ ಕವರ್ ಮೇಲೆ ಹಾಕಿದ ಮುಳ್ಳಿನ ಹತ್ರ ಕೂದಲೆಳೆ ಬಿರುಕು ಬಿಟ್ಟಿದೆ. ಫೋನ್ ಮಾಡಿದ್ರೆ ಕೂರಿಸಿದ ಮೇಲೆ ವಾಪಸ್ ಇಲ್ಲ ಅಂದ್ರು. ತುಂಬಾ ಬೇಜಾರಾಗಿದೆ. ಮಿಷನ್ ತಗೊಂಡು ಎರಡು ತಿಂಗಳೂ ಆಗಿಲ್ಲ.

ಮಿಷನ್ ಮೆಕ್ಯಾನಿಕ್ ಮಂಡ್ಯ
ಬುಧವಾರ, ರಾತ್ರಿ 10:15

ಬೇಜಾರು ಮಾಡ್ಕೋಬೇಡಿ, ಸರಿ ಮಾಡಬಹುದು. ಆದ್ರೆ ಆ ಜೋಡಿ ಹಾಕ್ಕೊಂಡು ಮಿಷನ್ ಸ್ಟಾರ್ಟ್ ಮಾತ್ರ ಮಾಡಬೇಡಿ. ಸಡಿಲ ಮುಳ್ಳು ವಾಲಿ ಚೈನಿಗೆ ತಾಗಿದ್ರೆ ಚೈನ್ ಕಡಿಯುತ್ತೆ.

ಇಂಜಿನ್ನಿನ ಮೈ ಮೆತ್ತನೆ ಲೋಹ, ಮೆಗ್ನೀಸಿಯಮ್ ಇಲ್ಲಾ ಅಲ್ಯುಮಿನಿಯಮ್. ಉಕ್ಕಿನ ಬೋಲ್ಟಿಗೆ ಜೋರು ಮಾಡಿದ್ರೆ ಅದರ ಮರೆ ಕಿತ್ತು ಬರುತ್ತೆ. ಅದಕ್ಕೆ ತಂತಿಸುರುಳಿ ಥರದ ಹೊಸ ಮರೆ ಕೂರಿಸ್ತೀವಿ. ತೂತು ಸ್ವಲ್ಪ ಅಗಲ ಮಾಡಿ, ಟ್ಯಾಪ್ ಹಾಕಿ, ಸುರುಳಿ ತಿರುಗಿಸಿ ಕೂರಿಸಿದ್ರೆ ಮೊದಲಿಗಿಂತ ಭದ್ರ. ಬೋಲ್ಟಿಗೆ ಲಾಕ್ ಅಂಟು ಒಂದು ತೊಟ್ಟು ಬಿಟ್ಟು ಬಿಗೀಬೇಕು. ಇಲ್ಲಾಂದ್ರೆ ಅದುರಾಟಕ್ಕೆ ಸಡಿಲ ಆಗುತ್ತೆ.

ಎರಡನೇ ಮುಳ್ಳಿನ ಮಾತಿಗೆ ಬಂದ್ರೆ, ನಿಮ್ಮ ಕ್ಲಚ್ ಕವರ್ ಪ್ಲಾಸ್ಟಿಕ್ಕಿಂದು. ಮೇಷ್ಟ್ರು ಹೇಳಿದ 15 ಕೆಜಿ ಎಳೆತದಲ್ಲಿ ಅದಕ್ಕೆ ಪಾಲು ಬಿದ್ರೆ ತಡೆಯಲ್ಲ. ಕವರ್ ಲೋಹದ್ದಾಗಿದ್ದು, ಕಂಪನಿಯವರೇ ಬೋಲ್ಟಿಗೆ ಜಾಗ ಬಿಟ್ಟಿದ್ರೆ ಮಾತ್ರ ಹೊರಗಿನ ಮುಳ್ಳು. ಇನ್ನೊಂದು, ಚಕ್ಕೆ ಹೊರಗೆ ಬೀಳೋ ಬಾಯಿ ಇರೋದು ಅದೇ ಪಕ್ಕ. ತೆಂಗಿನ ನಾರು, ನೀಲಗಿರಿ ಸಿಪ್ಪೆ ಇವೆಲ್ಲ ಆ ಮುಳ್ಳಿಗೂ ಚೈನಿಗೂ ನಡುವೆ ಜಡೆ ಹೆಣೆದಂಗೆ ಸಿಕ್ಕಿಕೊಳ್ಳುತ್ತೆ. ತೆಂಗೇ ಕುಯ್ಯೋ ನಿಮಗೆ ಅದು ದಿನಾ ಗೋಳು. ಚೈನ್ ತುಂಡಾದ್ರೆ ಹಿಡಿಯೋಕೆ ಅಂತ ಕೆಳಗೆ ಒಂದು ಕೊಕ್ಕೆ ಇರುತ್ತೆ. ಅಳತೆ ಗೊತ್ತಿಲ್ಲದ ಮುಳ್ಳು ಹಾಕಿ ಅದನ್ನ ಮರೆ ಮಾಡಿದ್ರೆ ಕೈಗೇ ಕುತ್ತು. ಹೊಸ ಮುಳ್ಳು ಹಾಕಿದ ಮೇಲೆ ಮಿಷನ್ ಆಫ್ ಇರೋವಾಗಲೇ, ಗ್ಲೌಸ್ ಹಾಕಿ ಚೈನ್ ಕೈಯಲ್ಲಿ ಒಂದು ಸುತ್ತು ಎಳೆದು ಎಲ್ಲೂ ತಾಗಲ್ಲ ಅಂತ ನೋಡ್ಕೊಳಿ.

ಒಂದು ಕೇಳ್ತೀನಿ. ನಿಮ್ಮ ತೆಂಗು ದಪ್ಪ ಎಷ್ಟು?

ತೆಂಗಿನತೋಟ ಪಾಂಡವಪುರ
ಬುಧವಾರ, ರಾತ್ರಿ 10:21

ಬುಡದಲ್ಲಿ ಒಂದೂವರೆ ಅಡಿ. ಆಳುದ್ದ ಮೇಲಕ್ಕೆ ಹೋದ್ರೆ ಒಂದಡಿನೂ ಇಲ್ಲ.

ಮಿಷನ್ ಮೆಕ್ಯಾನಿಕ್ ಮಂಡ್ಯ
ಬುಧವಾರ, ರಾತ್ರಿ 10:30

ಹಂಗಾದ್ರೆ 22 ಇಂಚು ಬಾರ್ ನಿಮಗೆ ಬೇಡವೇ ಬೇಡ. 18 ಇಂಚು ಹಾಕಿ. ಮೇಷ್ಟ್ರ ಲೆಕ್ಕದಂಗೆ ಮೂತಿ ಹತ್ರ ಬಂದಷ್ಟೂ ಮೀಟಿಗೆ ಬಲ. ಇಂಜಿನ್ನಿಗೂ ಹಗುರ. ಒಳಗಿನ ಒಂದೇ ಮುಳ್ಳು, ತಗಡು ತೆಗೆದು ಮೂರು ಮಿಲಿಮೀಟರ್ ದಪ್ಪದ ಉಕ್ಕಿಂದು ಹಾಕೋಣ. ಬೋಲ್ಟ್ ತೂತಿನ ಅಂತರ ಅಳೆದು ನಾನೇ ಹುಡುಕಿ ಕೊಡ್ತೀನಿ. ಮೊನೆನ ಚಪ್ಪಟೆ ಅರದಲ್ಲಿ ಚೂಪು ಮಾಡ್ಕೊಳಿ, ಸೂಜಿ ಥರ ಅಲ್ಲ, ಗುದ್ದಲಿ ಮೂಲೆ ಥರ. ಗ್ರೈಂಡರಿಗೆ ಕೊಟ್ರೆ ಕೆಂಪಗೆ ಕಾದು ಹದ ಹೋಗುತ್ತೆ, ಆಮೇಲೆ ಬಗ್ಗುತ್ತೆ.

ಮರ ಹತ್ತೋನು
ಗುರುವಾರ, ಬೆಳಿಗ್ಗೆ 6:20

ಪಾಂಡವಪುರದ ಅಣ್ಣ, ಹುಳ ಬಿದ್ದಿರೋ ಆ ಐದು ಮರದ ಬಗ್ಗೆ ಒಂದು ಮಾತು. ಅವನ್ನ ಯಾರೂ ಹತ್ತಬೇಡಿ. ಕೆಂಪುಮೂತಿ ಹುಳ ಒಳಗೆ ಸುರಂಗ ಕೊರೆದಿರುತ್ತೆ, ಮಿಷನ್ನಿನ ಅದುರಿಗೆ ಸುಳಿ ಮುರಿದು ತಲೆ ಮೇಲೆ ಬೀಳಬಹುದು. ಕೊಯ್ಯೋ ಮೊದಲು ಬುಡ ತಟ್ಟಿ ನೋಡಿ, ಡೊಳ್ಳು ಥರ ಸದ್ದು ಬಂದ್ರೆ ಹಗ್ಗ ಕಟ್ಟಿಸದೆ ಕೈ ಹಾಕಬೇಡಿ. ತೆಂಗಿನ ಬಲ ಎಲ್ಲ ಹೊರಸುತ್ತಲ್ಲಿ, ಅದಕ್ಕೇ ಬೀಳೋ ಕಡೆ ಕಚ್ಚು ಹಾಕಿ ಹಿಂದಿನಿಂದ ಕುಯ್ಯುವಾಗ ಉಳಿಸೋ ಕೀಲು (ಮಧ್ಯ ಕುಯ್ಯದೆ ಬಿಡೋ ಪಟ್ಟಿ) ಎರಡು ತುದಿಲೂ ಸಮ ದಪ್ಪ ಇರಲಿ. ಒಂದು ತುದಿ ಕುಯ್ದುಹೋದ್ರೆ ಮರ ಆ ಕಡೆಯಿಂದ ತಿರುಗಿಬಿಡುತ್ತೆ. ಇಲ್ಲಿ ಮುಳ್ಳು ಉಪಯೋಗಕ್ಕೆ ಬರುತ್ತೆ, ನಾನೂ ಒಪ್ತೀನಿ. ಮುಳ್ಳು ಊರಿಕೊಂಡು ಬಾರನ್ನ ಬೀಸಣಿಗೆ ಥರ ಬೀಸಿದ್ರೆ ಕೀಲು ಎಷ್ಟು ಉಳೀತು ಅಂತ ಕಣ್ಣಿಗೆ ಕಾಣುತ್ತೆ. ಕರೆಂಟ್ ಲೈನ್ ಹತ್ರ ಇದ್ರೆ ಸೆಸ್ಕ್‌ನವರಿಗೆ (ಕರೆಂಟ್ ಕಂಪನಿ) ಹೇಳಿ ಲೈನ್ ಆಫ್ ಮಾಡಿಸ್ಕೊಂಡೇ ಕುಯ್ಯಿರಿ.

ನಂಜನಗೂಡು ತೋಟ
ಗುರುವಾರ, ಬೆಳಿಗ್ಗೆ 10:40

ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು ಸೇರಿಸುತ್ತೇನೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹುಣಸೆ, ಬೇವು, ಮಾವು ನಿಮ್ಮ ಸ್ವಂತ ಜಮೀನಿನಲ್ಲೇ ಇದ್ದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ತೆಂಗಿನತೋಟ ಪಾಂಡವಪುರ
ಭಾನುವಾರ, ಸಂಜೆ 6:35

ವಾರ ಆಯ್ತು. ಏನಾಯ್ತು ಅಂತ ಹೇಳಲೇಬೇಕು.

ಶುಕ್ರವಾರ ಮಂಡ್ಯಕ್ಕೆ ಹೋಗಿ ಮೆಕ್ಯಾನಿಕ್ ಅಣ್ಣನ ಹತ್ರ ಮರೆ ಹಾಕಿಸಿದೆ, ಹೊಸ ಕ್ಲಚ್ ಕವರ್, 18 ಇಂಚು ಬಾರ್, ಒಳಗಿನ ಒಂದೇ ಉಕ್ಕಿನ ಮುಳ್ಳು. ಅರ ಹಾಕೋದನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ರು. ಎಡಗೈ ಕಡೆ ಎಳೆಯುವಾಗ ನನ್ನ ಕೈ ಬಾಗ್ತಿತ್ತು, ಅದನ್ನ ತೋರಿಸಿದ್ರು.

ನೆನ್ನೆ, ಇವತ್ತು ಸೇರಿ ಏಳು ಮರ ಆಯ್ತು. ಮೊದಲ ತುಂಡಿಗೇ ವ್ಯತ್ಯಾಸ ಗೊತ್ತಾಯ್ತು. ಬಿದ್ದಿದ್ದು ಚಕ್ಕೆ. ತೆಂಗಿನ ಮೈಮೇಲೆ ಬಳೆ ಬಳೆಯಾಗಿ ಗರಿ ಬಿದ್ದ ಗುರುತು ಇರುತ್ತಲ್ಲ, ಮುಳ್ಳಿನ ಮೊನೆನ ಆ ಗೆರೆಯ ತಗ್ಗಿಗೆ ಕೊಟ್ರೆ ಜಾರೋದೇ ಇಲ್ಲ. ನುಣುಪು ಜಾಗದಲ್ಲಿ ಇನ್ನೂ ಸ್ವಲ್ಪ ಜಾರುತ್ತೆ. ಕೊರಡು ಅಣ್ಣ ಹೇಳಿದ ಮೆಟ್ಟಿಲು ಕ್ರಮ ಬುಡದ ತುಂಡುಗಳಿಗೆ ಮಾತ್ರ ಬೇಕಾಯ್ತು, ಮೇಲಿನವು ಒಂದೇ ಬೀಸಿಗೆ ಇಳಿದವು. ಮಿಷನ್ ಒಂದ್ಸಲನೂ ಢಿಕ್ಕಿ ಹೊಡೀಲಿಲ್ಲ. ಸಂಜೆ ಕೈ ಎತ್ತಿ ಊಟ ಮಾಡೋಕೆ ಆಯ್ತು, ಹೋದ ವಾರ ಆಗಿರಲಿಲ್ಲ.

ಅಪ್ಪನಿಗೆ ತೊಲೆಗೆ ಅಂತ ಎರಡು ಮರ ಉದ್ದಕ್ಕೆ ಇಟ್ಟಿದೀನಿ, ಉಳಿದ ತುಂಡು ಒಲೆಗೆ. ಹುಳ ಬಿದ್ದ ಐದರಲ್ಲಿ ಮೂರು ಹಗ್ಗ ಕಟ್ಟಿ ಬೀಳಿಸಿದ್ವಿ. ಕಡಿದ ತಲೆಗಳನ್ನ ಹುಳ ಬೇರೆ ಮರಕ್ಕೆ ಹಾರದಂಗೆ ಅವತ್ತೇ ಸೀಳಿ ಸುಟ್ಟಿದ್ದಾಯ್ತು. ಇನ್ನೆರಡು ಲೈನ್ ಕೆಳಗಿವೆ.

ಮರ ಹತ್ತೋನು
ಭಾನುವಾರ, ಸಂಜೆ 7:02

ಆ ಎರಡಕ್ಕೆ ನೀವೊಬ್ಬರೇ ಹೋಗಬೇಡಿ ಅಣ್ಣ. ಯಾವತ್ತು ಅಂತ ಹೇಳಿ, ಹಗ್ಗ ತಗೊಂಡು ನಾನೇ ಬರ್ತೀನಿ.

ತೆಂಗಿನತೋಟ ಪಾಂಡವಪುರ
ಭಾನುವಾರ, ಸಂಜೆ 7:10

ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಲೈನ್ ಆಫ್ ಮಾಡ್ತೀನಿ ಅಂತ ಲೈನ್‌ಮನ್ ಹೇಳಿದಾರೆ. ಬನ್ನಿ ಅಣ್ಣ, ಊಟ ನಮ್ಮನೇಲೆ. ಬಸ್ ಸ್ಟ್ಯಾಂಡಿಗೆ ಗಾಡಿ ತರ್ತೀನಿ.